ಕಳಂಕ ಆಸ್ಪತ್ರೆಯ ಒಳಗೇ ಇದ್ದಾಗ

ಮಾನಸಿಕ ಕಾಯಿಲೆಯ ಕಳಂಕ ಅಂದರೆ ಊರಿನವರ ಮಾತು, ದೆವ್ವ-ಗಾಳಿ, ತಪ್ಪಿಹೋದ ಮದುವೆ ಸಂಬಂಧ ಎಂದು ಹೇಳಿ ಮುಗಿಸುವುದು ರೂಢಿ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಾ ನಾನು ಕೇಳಿಸಿಕೊಂಡದ್ದು ಬೇರೆ. ಒಬ್ಬ ತಾಯಿ ಅಂದಿದ್ದರು: "ನಮ್ಮೂರಲ್ಲಿ ಇವನನ್ನ ಯಾರೂ ಮೆಂಟಲ್ ಅನ್ನಲ್ಲ ಸಿಸ್ಟರ್. ಇಲ್ಲಿಗೆ ಬಂದ್ರೆ ಮಾತ್ರ ಹಂಗೆ ಕೂಗ್ತಾರೆ."

ಕೂಗುತ್ತಿದ್ದದ್ದು ಔಷಧಿ ಕೌಂಟರಿನಲ್ಲಿ. "ಮೆಂಟಲ್ ಮಾತ್ರೆಯವರು ಈ ಕಡೆ ಬನ್ನಿ." ಮಲೆನಾಡಿನ ಸಣ್ಣ ಊರಲ್ಲಿ ಸಾಲಿನಲ್ಲಿ ನಿಂತವರೆಲ್ಲ ಒಂದಲ್ಲ ಒಂದು ಕಡೆಯಿಂದ ನೆಂಟರೇ. ಆ ಕೂಗಿಗೆ ಹೆದರಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರಿದ್ದಾರೆ. ಬಸ್ಸಿನ ದುಡ್ಡೂ ಆ ದಿನದ ಕೂಲಿಯೂ ಹೋಗುತ್ತದೆ. ಕೊನೆಗೊಂದು ತಿಂಗಳು ಹೋಗುವುದೇ ನಿಲ್ಲುತ್ತದೆ, ಮಾತ್ರೆಯೂ ನಿಲ್ಲುತ್ತದೆ. ಫಾರ್ಮಸಿಯವರ ಹತ್ತಿರ ಕೂತು ಇದನ್ನೇ ಹೇಳಿದೆ. ಉಳಿದವರ ಹಾಗೇ ಟೋಕನ್ ಕೊಟ್ಟು ಹೆಸರು ಹಿಡಿದು ಕರೆಯೋಣ ಎಂದಾಗ ಅವರು ಒಪ್ಪಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯನ್ನು ಹಕ್ಕು ಎನ್ನುತ್ತದೆ. ಆದರೆ ಅವರ ಮನಸ್ಸು ತಿರುಗಿದ್ದು ಆ ತಾಯಿಯ ಮಾತಿಗೆ.

"ಮೆಂಟಲ್" ಎಂದು ಕೂಗುವುದಕ್ಕಿಂತ ಅಪಾಯದ್ದು ಇನ್ನೊಂದಿದೆ: ಮಾನಸಿಕ ಕಾಯಿಲೆ ಇದೆ ಎಂದು ಗೊತ್ತಾದ ಕೂಡಲೇ ದೇಹದ ಕಾಯಿಲೆ ಯಾರ ಕಣ್ಣಿಗೂ ಬೀಳದಿರುವುದು. ಅಡಿಕೆ ಕೊಯ್ಲಿನ ಕಾಲದಲ್ಲಿ ಒಬ್ಬರನ್ನು ಮನೆಯವರು ಹಿಡಿದುಕೊಂಡೇ ಎಮರ್ಜೆನ್ಸಿಗೆ ತಂದರು. ವಾಂತಿ, ಕೈ ವಿಪರೀತ ನಡುಕ, ನೆಟ್ಟಗೆ ನಿಲ್ಲಲಾರದ ತೂರಾಟ. ಹಳೇ ಚೀಟಿ ನೋಡಿದವರು "ಇದು ಅವರದ್ದೇ ಕಾಯಿಲೆ, ನಿಮ್ಮ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ" ಎಂದರು. ರೋಗಿ ಲಿಥಿಯಂ ತೆಗೆದುಕೊಳ್ಳುತ್ತಿದ್ದರು, ಮನಸ್ಸಿನ ವಿಪರೀತ ಏರಿಳಿತವನ್ನು ಹಿಡಿತದಲ್ಲಿಡುವ ಮಾತ್ರೆ. ಕೇಳಿದಾಗ, ಸೊಂಟನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ದಿನಾ ನುಂಗಿದ್ದು ತಿಳಿಯಿತು. ಆ ಜಾತಿಯ ನೋವಿನ ಮಾತ್ರೆ ಲಿಥಿಯಂ ಮೂತ್ರದಲ್ಲಿ ಹೊರಹೋಗುವುದನ್ನು ತಗ್ಗಿಸುತ್ತದೆ; ವಾಂತಿಯಿಂದ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಅದು ಇನ್ನೂ ಏರುತ್ತದೆ. ಮಟ್ಟ ಲೀಟರ್ ರಕ್ತಕ್ಕೆ 1.5 ಮಿಲಿಮೋಲ್ ದಾಟಿದರೆ ವಿಷವಾಗತೊಡಗುತ್ತದೆ. ನಾನು ಪಟ್ಟು ಹಿಡಿದೆ. ಡ್ಯೂಟಿ ಡಾಕ್ಟರು ಕೇಳಿಸಿಕೊಂಡರು. ರಿಪೋರ್ಟಿಗೆ ಕಾಯದೆ ಲಿಥಿಯಂ ನಿಲ್ಲಿಸಿ ಸಲೈನ್ ಹಾಕಿದರು. ರೋಗಿ ಉಳಿದರು.

ಆಮೇಲೆ ನಾನು ಚೀಟಿ ಬರೆಯುವ ಕ್ರಮವನ್ನೇ ಬದಲಿಸಿದೆ. ಬೇರೆ ವಿಭಾಗಕ್ಕೆ ಕಳಿಸುವಾಗ ಮೊದಲ ಸಾಲಿನಲ್ಲೇ ದೇಹದ ತೊಂದರೆ: ವಾಂತಿ ಯಾವತ್ತಿನಿಂದ, ನಾಡಿ ಎಷ್ಟು, ಬಿಪಿ ಎಷ್ಟು, ನಾವು ಯಾವುದಕ್ಕೆ ಅನುಮಾನಪಡುತ್ತಿದ್ದೇವೆ. ಮಾನಸಿಕ ಕಾಯಿಲೆಯ ಹೆಸರು ಕೆಳಗೆ. ಅದನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಲಿಥಿಯಂ ಇದ್ದರಂತೂ ಅದನ್ನು ದಪ್ಪಕ್ಷರದಲ್ಲೇ ಬರೆಯಬೇಕು. ಚೀಟಿಯ ಜೊತೆಗೆ ಒಂದು ಫೋನನ್ನೂ ಮಾಡುತ್ತೇನೆ.

ಮನೆಯವರ ವಿಷಯಕ್ಕೆ ಬಂದರೆ, "ನೀವೇ ಮುದ್ದು ಮಾಡಿ ಹಾಳು ಮಾಡಿದ್ದು", "ಇಷ್ಟು ದಿನ ಎಲ್ಲಿದ್ರಿ?" ಎಂಬ ಮಾತು ನಮ್ಮ ಸಿಬ್ಬಂದಿಯ ಬಾಯಲ್ಲಿ ಈಗಲೂ ಬರುತ್ತದೆ. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ತಾಯಿಯೇ ಕಾರಣ ಎಂದು 1940ರ ದಶಕದಲ್ಲಿ ಡಾಕ್ಟರುಗಳೇ ಬರೆದರು. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ನಮ್ಮದೇ ದೇಶದಲ್ಲಿ ಮನೋವೈದ್ಯ ಡಾ. ವಿದ್ಯಾ ಸಾಗರ್ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಟೆಂಟ್ ಹಾಕಿಸಿ, ಮನೆಯವರನ್ನು ರೋಗಿಯ ಜೊತೆಗೇ ಇರಿಸಿಕೊಂಡು ಆರೈಕೆಯಲ್ಲಿ ಸೇರಿಸಿಕೊಂಡಿದ್ದರು. ತಡವಾಗಿ ಬಂದವರಿಗೆ ನಾನು ಮೊದಲು ಹೇಳುವುದು "ಬಂದಿರಲ್ಲ, ಒಳ್ಳೇದಾಯ್ತು" ಅಂತ.

ಹಾಗಂತ ಮನೆಯವರ ಬಾಯಿಂದಲೇ ಎಲ್ಲ ಕೇಳಿಕೊಳ್ಳುವುದೂ ಸರಿಯಲ್ಲ. ಎದುರಿಗೆ ಕೂತ ಮೂವತ್ತು ವರ್ಷದ ಮಗನನ್ನು ಬಿಟ್ಟು "ನಿದ್ದೆ ಮಾಡ್ತಾನಾ?" ಎಂದು ಅಪ್ಪನನ್ನು ಕೇಳುತ್ತೇವಲ್ಲ, ಅವಮಾನ ಅಲ್ಲೇ ಶುರುವಾಗುತ್ತದೆ. ಮೊದಲ ಪ್ರಶ್ನೆ ರೋಗಿಗೇ, "ನಿಮಗೆ ನಿದ್ದೆ ಬರ್ತಿದೆಯಾ?" ಎಂದು. ಉತ್ತರಕ್ಕೆ ಕಾಯಬೇಕು, ಔಷಧಿಯಿಂದ ಕೆಲವರ ಮಾತು ನಿಧಾನವಾಗಿರುತ್ತದೆ. ಆಮೇಲೆ ಅವರ ಒಪ್ಪಿಗೆ ಕೇಳಿ ಮನೆಯವರ ಜೊತೆ ಮಾತು.

ಸಿಬ್ಬಂದಿ ವರ್ಗವಾಗುತ್ತಾ ಇರುತ್ತಾರೆ, ಹಳೆಯ ಕೂಗು ಮತ್ತೆ ಕೇಳಿಸುತ್ತದೆ. ಅದಕ್ಕೇ ಹೊಸಬರು ಬಂದಾಗ ಒಂದು ಬೆಳಿಗ್ಗೆ ಕ್ಲಿನಿಕ್‌ನಲ್ಲಿ ನನ್ನ ಪಕ್ಕ ಕೂರಿಸಿಕೊಳ್ಳುತ್ತೇನೆ. ಇವರು ಕೂರಬಹುದಾ ಎಂದು ರೋಗಿಗಳನ್ನು ಕೇಳಿಯೇ.