ಕಂಟೇನರ್ ಒಳಗೆ ಹುಡುಕಿದೆ, ಉತ್ತರ ಹೋಸ್ಟ್‌ನಲ್ಲಿತ್ತು

ಕಂಟೇನರ್ ಸರ್ವರ್‌ಗಳನ್ನು (ಹೋಸ್ಟ್ ಅನ್ನುವ ಒಂದೇ ಯಂತ್ರದೊಳಗೆ ಬೇರೆ ಬೇರೆಯಾಗಿ ಓಡುವ ಸರ್ವರ್‌ಗಳು) ನೋಡಿಕೊಳ್ಳಲು ನಾನು ಶುರು ಮಾಡಿದ್ದು ಓಪನ್‌ವಿಝಡ್ ಅನ್ನುವ ಕಂಟೇನರ್ ಸಾಫ್ಟ್‌ವೇರ್ ಕಾಲದಲ್ಲಿ. ಪ್ರತಿ ಸರ್ವರ್‌ಗೂ 101, 102 ಅಂತ ಒಂದು ನಂಬರ್. ‘ವಿಝಡ್‌ಲಿಸ್ಟ್’ ಹೊಡೆದರೆ ಪಟ್ಟಿ ಬರುತ್ತದೆ, ‘ವಿಝಡ್‌ಸಿಟಿಎಲ್ ಎಂಟರ್ 101’ ಹೊಡೆದರೆ ನೇರ ಒಳಗೆ ಹೋಗಬಹುದು. ಮೆಮೊರಿ ಜಾಸ್ತಿ ಮಾಡುವಾಗ ಕೊನೆಗೆ ‘--ಸೇವ್’ ಹಾಕುವುದನ್ನು ಎಷ್ಟು ಸಲ ಮರೆತಿದ್ದೇನೋ. ಮುಂದಿನ ರೀಸ್ಟಾರ್ಟ್‌ಗೆ ಹಳೇ ಮಿತಿಯೇ ವಾಪಸ್.

ಆದರೆ ನನಗೆ ನಿಜವಾಗಿ ಪಾಠ ಕಲಿಸಿದ್ದು ಎಲ್‌ಎಕ್ಸ್‌ಸಿ, ಅದೇ ಬಗೆಯ ಇನ್ನೊಂದು ಸಾಫ್ಟ್‌ವೇರ್. ಒಂದು ಕಂಟೇನರ್‌ನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇತ್ತು. ಹಗಲೆಲ್ಲಾ ಸರಿಯಾಗಿರುತ್ತಿತ್ತು, ರಾತ್ರಿ ಬ್ಯಾಕಪ್ ಓಡುವಾಗ ಮಾತ್ರ ಸಾಯುತ್ತಿತ್ತು. ಅದರ ಲಾಗ್‌ನಲ್ಲಿ ಎರರ್ ಅಂತ ಒಂದು ಸಾಲೂ ಇಲ್ಲ. ನಡುವೆ ನಿಂತುಹೋದ ಲಾಗ್, ಆಮೇಲೆ ಸೀದಾ ‘ಕ್ರ್ಯಾಶ್ ರಿಕವರಿ’. ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಮ್‌ಡಿ ಹೇಳಿದ್ದು ಇಷ್ಟೇ: 9ನೇ ಸಿಗ್ನಲ್ (ಬಲವಂತವಾಗಿ ಕೊಲ್ಲುವ ಸಿಗ್ನಲ್) ಬಂತು, ಸತ್ತಿತು.

ಮೆಮೊರಿ ಸಾಲದೇನೋ ಅಂತ ಒಳಗೆ ‘ಫ್ರೀ’ ಹೊಡೆದು ನೋಡಿದೆ. 32 ಜಿಬಿ ಇದೆ, ಅರ್ಧಕ್ಕಿಂತ ಜಾಸ್ತಿ ಖಾಲಿ! ಎರಡು ರಾತ್ರಿ ಡೇಟಾಬೇಸ್ ಸೆಟ್ಟಿಂಗನ್ನೇ ಸುಮ್ನೆ ಕೆದಕಿದೆ. ಮೂರನೇ ದಿನ ಹೋಸ್ಟ್‌ಗೆ ಬಂದು ಕರ್ನಲ್‌ನ (ಲಿನಕ್ಸ್‌ನ ತಿರುಳು) ಸಂದೇಶ ತೋರಿಸುವ ‘ಡಿಮೆಸೇಜ್’ ನೋಡಿದರೆ ಅಲ್ಲಿತ್ತು: ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’, ಅದರ ಪಕ್ಕದಲ್ಲೇ ಮೈಎಸ್‌ಕ್ಯೂಎಲ್ಡಿ, ಅಂದರೆ ನಮ್ಮ ಡೇಟಾಬೇಸ್‌ನ ಹೆಸರು. ಸಿಗ್ರೂಪ್ ಅಂದರೆ ಕರ್ನಲ್ ಒಟ್ಟಿಗೆ ಮಿತಿ ಹಾಕುವ ಪ್ರೋಸೆಸ್‌ಗಳ ಗುಂಪು.

ಆ ಕಂಟೇನರ್‌ಗೆ 2 ಜಿಬಿ ಮಿತಿ ಹಾಕಿದ್ದವನು ನಾನೇ. ‘ಫ್ರೀ’ ಓದುವುದು ‘/ಪ್ರಾಕ್/ಮೆಮ್‌ಇನ್ಫೋ’ ಫೈಲನ್ನು. ಕಂಟೇನರ್‌ಗೆ ಅದರ ಮಿತಿಯನ್ನೇ ತೋರಿಸುವ ಎಲ್‌ಎಕ್ಸ್‌ಸಿಎಫ್‌ಎಸ್ ಹಾಕಿರದಿದ್ದರೆ ಕಂಟೇನರ್ ಒಳಗೂ ಕಾಣುವುದು ಹೋಸ್ಟ್‌ನ ಲೆಕ್ಕವೇ. ಆ 32 ಜಿಬಿ ನಂಬಿ ಯಾರೋ ಬಫರ್ ಪೂಲ್‌ಗೆ (ಓದಿದ ಡೇಟಾವನ್ನು ಮೈಎಸ್‌ಕ್ಯೂಎಲ್ ಇಟ್ಟುಕೊಳ್ಳುವ ಮೆಮೊರಿ) 4 ಜಿಬಿ ಕೊಟ್ಟಿದ್ದರು. (ಆ ಯಾರೋ ಕೂಡ ನಾನೇ ಇರಬಹುದು.) ಹಗಲು ಪೂಲ್ ತುಂಬುತ್ತಿರಲಿಲ್ಲ. ಬ್ಯಾಕಪ್ ಎಲ್ಲಾ ಟೇಬಲ್‌ಗಳನ್ನೂ ಓದಿಸುತ್ತದೆ, ಅಲ್ವಾ? ಪೂಲ್ ಉಬ್ಬಿ ಮಿತಿ ಮುಟ್ಟುತ್ತಿತ್ತು. ಕರ್ನಲ್ ಡೇಟಾಬೇಸ್‌ನ ಕತ್ತು ಹಿಸುಕುತ್ತಿತ್ತು. ಪೂಲನ್ನು 1 ಜಿಬಿಗೆ ಇಳಿಸಿದೆ, ಎಲ್‌ಎಕ್ಸ್‌ಸಿಎಫ್‌ಎಸ್ ಹಾಕಿದೆ, ಅಲ್ಲಿಗೆ ಕಾಟ ತಪ್ಪಿತು.

ಅಂದಿನಿಂದ ತೊಂದರೆ ಬಂದರೆ ನಾನು ಮೊದಲು ಹೋಗುವುದು ಹೋಸ್ಟ್‌ಗೆ. ಕಂಟೇನರ್ ಅಂದರೆ ಬೇರೆ ಯಂತ್ರವಲ್ಲ, ಅದೇ ಕರ್ನಲ್ ಮೇಲೆ ಬೇಲಿ ಹಾಕಿದ ಒಂದಷ್ಟು ಪ್ರೋಸೆಸ್‌ಗಳು. ಹೋಸ್ಟ್‌ನಲ್ಲಿ ‘ಪಿಎಸ್’ ಹೊಡೆದರೆ ಅವೆಲ್ಲ ಕಾಣುತ್ತವೆ. ಸಿಗ್ರೂಪ್‌ನ ‘ಮೆಮೊರಿ.ಇವೆಂಟ್ಸ್’ ಫೈಲಿನಲ್ಲಿ ‘ಊಮ್_ಕಿಲ್’ (ಮೆಮೊರಿ ಸಾಲದೆ ಕೊಂದ ಲೆಕ್ಕ) ಎದುರು ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ, ಲಾಗ್ ಓದುತ್ತಾ ಕೂರುವ ಕೆಲಸವೇ ಇಲ್ಲ.

ಈಗ ಕಂಟೇನರ್‌ಗಳಿಗೆ ಬಳಸುವುದು ಇನ್ಕಸ್, ಎಲ್‌ಎಕ್ಸ್‌ಸಿ ಮೇಲೆ ಕಟ್ಟಿದ ಎಲ್‌ಎಕ್ಸ್‌ಡಿಯಿಂದ 2023ರಲ್ಲಿ ಕವಲೊಡೆದದ್ದು. ಎಲ್‌ಎಕ್ಸ್‌ಡಿಯ ಕಮಾಂಡ್ ಹೆಸರು ‘ಎಲ್‌ಎಕ್ಸ್‌ಸಿ’, ಹಳೇ ಎಲ್‌ಎಕ್ಸ್‌ಸಿಯ ಕಮಾಂಡ್‌ಗಳು ‘ಎಲ್‌ಎಕ್ಸ್‌ಸಿ-’ ಅಂತ ಶುರುವಾಗುತ್ತವೆ. ಒಂದು ಅಡ್ಡಗೆರೆಯ ವ್ಯತ್ಯಾಸ. ಹೊಸಬರು ಇಲ್ಲಿ ತಲೆ ಕೆಡಿಸಿಕೊಳ್ಳದೇ ಇರಲು ಸಾಧ್ಯವೇ ಇಲ್ಲ. ಇನ್ಕಸ್‌ನಲ್ಲಿ ‘ಇನ್ಕಸ್ ಕಾನ್ಫಿಗ್ ಸೆಟ್ ಡಿಬಿ1 ಲಿಮಿಟ್ಸ್.ಮೆಮೊರಿ=2ಜಿಐಬಿ’ ಅಂದರೆ ಮಿತಿ ಆಗಲೇ ಜಾರಿಗೆ ಬರುತ್ತದೆ, ಉಳಿಯುತ್ತದೆ ಕೂಡ. ‘--ಸೇವ್’ ನೆನಪಿಡುವ ಗೋಳಿಲ್ಲ.

ಹೋಸ್ಟ್‌ನ ಫೋಲ್ಡರ್ ಒಂದನ್ನು ಕಂಟೇನರ್ ಒಳಗೆ ಕೊಟ್ಟಾಗ ಮತ್ತೆ ಸಿಕ್ಕಿಬಿದ್ದೆ. ಒಳಗೆ ‘ಎಲ್‌ಎಸ್ -ಎಲ್’ ಹೊಡೆದರೆ ಎಲ್ಲಾ ಫೈಲಿಗೂ ಒಡೆಯ ‘ನೋಬಡಿ’. ಬರೆಯಲು ಆಗುವುದಿಲ್ಲ. ಒಳಗಿನ ರೂಟ್ (ಎಲ್ಲಾ ಅಧಿಕಾರ ಇರುವ ಬಳಕೆದಾರ) ಹೊರಗೆ ರೂಟ್ ಅಲ್ಲ, ನನ್ನ ಹೋಸ್ಟ್‌ನಲ್ಲಿ ಅದರ ನಂಬರ್ 1000000. ಹೊರಗಿನ 33ನೇ ನಂಬರಿನ ಬಳಕೆದಾರನಿಗೆ ಒಳಗೆ ಹೆಸರೇ ಇಲ್ಲ. ಮೊದಮೊದಲು ಸಿಟ್ಟಿನಲ್ಲಿ ‘ಚ್‌ಮಾಡ್ 777’ ಹಾಕಿ ಎಲ್ಲರಿಗೂ ಪೂರ್ತಿ ಅನುಮತಿ ಕೊಟ್ಟಿದ್ದೂ ಉಂಟು, ನೀವು ಹಾಕಬೇಡಿ. ಆ ಫೋಲ್ಡರನ್ನು ಇನ್ಕಸ್‌ಗೆ ಡಿವೈಸ್ ಆಗಿ ಸೇರಿಸುವಾಗ, ಒಳಗಿನ ಹೊರಗಿನ ನಂಬರ್‌ಗಳನ್ನು ಹೊಂದಿಸುವ ‘ಶಿಫ್ಟ್=ಟ್ರೂ’ ಅಂತ ಒಂದು ಪದ ಸೇರಿಸಿದರೆ ಸಾಕಾಗಿತ್ತು.