ಹಾಲುಹಲ್ಲು ಮೂಡಿದ ದಿನದಿಂದಲೇ

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು. ಮಗು ರಾತ್ರಿಯಿಡೀ ಅತ್ತ ಮೇಲೇ ಹೆಚ್ಚಿನವರು ಬರುವುದು. "ಹಾಲುಹಲ್ಲು ತಾನೇ ಡಾಕ್ಟ್ರೇ, ಹೇಗಿದ್ರೂ ಬಿದ್ದುಹೋಗುತ್ತೆ" ಅನ್ನುತ್ತಾರೆ. ಹಿಂದಿನ ದವಡೆಯ ಹಾಲುಹಲ್ಲು ಬೀಳುವುದು 10–12ನೇ ವರ್ಷಕ್ಕೆ. ಅಲ್ಲಿಯವರೆಗೆ ಅದು ಅಗಿಯಬೇಕು, ಶಾಶ್ವತ ಹಲ್ಲಿಗೆ ಜಾಗ ಕಾಯಬೇಕು.

ಮೊದಲ ಹಲ್ಲು ಸುಮಾರು 6 ತಿಂಗಳಿಗೆ ಬರುತ್ತದೆ. ಅಂದಿನಿಂದಲೇ ಮೆತ್ತನೆಯ ಬ್ರಶ್, ಫ್ಲೋರೈಡ್ ಪೇಸ್ಟ್ ಹಿಡಿಯಿರಿ. 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ದೊಡ್ಡವರೇ ಉಜ್ಜಿ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಲೇಬೇಡಿ.

ವಾರಕ್ಕೊಮ್ಮೆ ಮಗುವಿನ ಮೇಲ್ತುಟಿ ಎತ್ತಿ, ಬೆಳಕಲ್ಲಿ ನೋಡಿ. ಒಸಡಿನ ಅಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ. ಈ ಹಂತದಲ್ಲಿ ಬಂದರೆ ಕೊರೆಯದೆಯೇ, ಫ್ಲೋರೈಡ್ ಲೇಪನದಿಂದ ತಡೆಯಬಹುದು.

ಏನೂ ತೊಂದರೆ ಇಲ್ಲದಿದ್ದರೂ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ. ನಿದ್ದೆ, ಊಟ ಆದ ಹೊತ್ತಿಗೆ ಬನ್ನಿ. ಕುರ್ಚಿ ಬೇಕಿಲ್ಲ: ನಾನೂ ತಾಯಿಯೂ ಎದುರುಬದುರು, ಮಂಡಿಗೆ ಮಂಡಿ ತಾಗಿಸಿ ಕೂರುತ್ತೇವೆ. ಮಗು ಅಮ್ಮನ ಕಡೆ ಮುಖ ಮಾಡಿ ಕೂತು, ಹಿಂದಕ್ಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತದೆ. ಅತ್ತರೆ ಅಳಲಿ, ಬಾಯಿ ಚೆನ್ನಾಗಿ ತೆರೆಯುತ್ತದೆ. "ಹಟ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಅಂತ ಮನೆಯಲ್ಲಿ ಹೆದರಿಸಬೇಡಿ, ದಯವಿಟ್ಟು.

6ನೇ ವರ್ಷದ ಹೊತ್ತಿಗೆ ಯಾವ ಹಲ್ಲೂ ಬೀಳದೆಯೇ ತೀರಾ ಹಿಂದೆ ಹೊಸ ದವಡೆಹಲ್ಲು ಮೂಡುತ್ತದೆ. ಅದು ಹಾಲುಹಲ್ಲಲ್ಲ, ಶಾಶ್ವತ. ಬ್ರಶ್ಶು ಅಲ್ಲಿಗೂ ತಲುಪಬೇಕು.