ಎದುರು ಗಾಳಿಗೆ ಜೋರು ಬೇಡ
ಕ್ಯಾಲಿಫೋರ್ನಿಯಾದ ಕಡಲತೀರದ ಗಾಲ್ಫ್ ಮೈದಾನ ಪೆಬಲ್ ಬೀಚ್‌ನಲ್ಲಿ ಆಡುವವರಿಗೆ ಒಂದು ಮಾತು: ಸಮುದ್ರದ ಗಾಳಿ ಎದುರಿಗಿದ್ದರೆ ಜೋರಾಗಿ ಹೊಡೆಯಬೇಡಿ. ಎರಡು ಹಂತ ಹೆಚ್ಚು ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ತಗೊಂಡು, ಗ್ರಿಪ್ ಸ್ವಲ್ಪ ಕೆಳಗೆ ಹಿಡಿದು, ಮುಕ್ಕಾಲು ಸ್ವಿಂಗ್ ಮಾಡಿ. ಜೋರಾಗಿ ಹೊಡೆದಷ್ಟೂ ಚೆಂಡಿನ ಬ್ಯಾಕ್‌ಸ್ಪಿನ್ (ಹಿಮ್ಮುಖ ತಿರುಗು) ಹೆಚ್ಚುತ್ತದೆ; ಎದುರು ಗಾಳಿ ಚೆಂಡನ್ನು ಮೇಲಕ್ಕೆತ್ತಿ ಅರ್ಧದಲ್ಲೇ ಬೀಳಿಸುತ್ತದೆ. ಮೆಲ್ಲಗೆ ಹೊಡೆದರೆ ತಗ್ಗಿನಲ್ಲೇ ಸಾಗುತ್ತದೆ. 7ನೇ ಹೋಲ್ ಸುಮಾರು 106 ಗಜ ಅಷ್ಟೇ, ಅದೂ ಇಳಿಜಾರು. ಸುಮ್ನೆ ಒಂದು ವೆಜ್ (ಹತ್ತಿರದ ಹೊಡೆತದ ಕ್ಲಬ್) ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ 1992ರ ಯುಎಸ್ ಓಪನ್ ಗಾಲ್ಫ್ ಟೂರ್ನಿಯ ಕೊನೆಯ ದಿನ, ಗಾಳಿಯಿಂದಾಗಿ ಆಟಗಾರ ಟಾಮ್ ಕೈಟ್ ಅಲ್ಲಿ 6 ಐರನ್ (ವೆಜ್‌ಗಿಂತ ತುಂಬಾ ದೂರ ಹೊಡೆಯುವ ಕ್ಲಬ್) ಹೊಡೆದಿದ್ದರು! (ಆದರೂ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ತಪ್ಪಿತ್ತು; ಚಿಪ್ ಮಾಡಿ, ಅಂದರೆ ಹತ್ತಿರದಿಂದ ಮೆಲ್ಲಗೆ ಎತ್ತಿ ಹೊಡೆದು, ಬರ್ಡಿ, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆ, ಗಿಟ್ಟಿಸಿದರು.) ಗಾಳಿ ಬೆನ್ನ ಹಿಂದಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ: ಅಲ್ಲಿನ ಪುಟ್ಟ ಗ್ರೀನ್‌ಗಳಲ್ಲಿ ತಗ್ಗಿನ ಚೆಂಡು ನಿಲ್ಲದೆ ಆಚೆ ಉರುಳಿ ಹೋಗುತ್ತದೆ.